ಸೋಮವಾರದ ಮೆಣಸಿನಪುಡಿ

ಕೆಲಸ ಬಿಟ್ಟು ಮೂರು ವರ್ಷವಾಯಿತು. ಈಗಲೂ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ನನ್ನ ಕಣ್ಣು ಮೊದಲು ಹೋಗುವುದು ಸಾರಿನ ಬಣ್ಣದ ಮೇಲೆ. ಆಮೇಲೆ ಮೂಗು ತನ್ನ ಕೆಲಸ ಶುರು ಮಾಡುತ್ತದೆ. ಪಕ್ಕದಲ್ಲಿ ಕೂತ ಗಂಡ ಮೊಣಕೈಯಿಂದ ತಿವಿದು, "ಇಲ್ಲಿ ಪರೀಕ್ಷಾ ಮಾಡಬ್ಯಾಡ, ಸುಮ್ನ ಉಣ್ಣು" ಅನ್ನುತ್ತಾರೆ. ನಾಗಪುರದ ಒಂದು ಮಸಾಲೆ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವಳಿಗೆ ಸುಮ್ಮನೆ ಉಣ್ಣುವುದು ಅಷ್ಟು ಸುಲಭವಲ್ಲ.

ಈ ಬರಹಕ್ಕೆ ಕಾರಣ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ. ಇಲ್ಲಿನ ಆಹಾರ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದಾಳೆ. ಹೋದ ತಿಂಗಳು ಮನೆಗೆ ಬಂದವಳು ಚೀಲದಿಂದ ಮೊಬೈಲಿಗಿಂತ ತುಸು ದಪ್ಪನೆಯ ಯಂತ್ರವೊಂದನ್ನು ತೆಗೆದು, ನಮ್ಮ ಅಡುಗೆಮನೆಯ ಮೆಣಸಿನಪುಡಿ ಡಬ್ಬಿಯ ಮೇಲೆ ಹಿಡಿದಳು. ಗುಂಡಿ ಒತ್ತಿದಳು. ನಾನು ಉಸಿರು ತೆಗೆದುಕೊಂಡು ಬಿಡುವಷ್ಟರಲ್ಲಿ ಪುಡಿಯಲ್ಲಿ ತೇವ ಎಷ್ಟಿದೆ ಎಂದು ಪರದೆಯ ಮೇಲೆ ಬಂದುಬಿಟ್ಟಿತು. ಅಷ್ಟನ್ನು ತಿಳಿಯಲು ನಾವು ಅರ್ಧ ದಿನ ಒಲೆಯ ಮುಂದೆ ಕಾಯುತ್ತಿದ್ದೆವು.

"ಆಂಟಿ, ನಿಮ್ಮ ಕಾಲಕ್ಕ ಇದೆಲ್ಲಾ ಇರಲಿಲ್ಲ. ಮತ್ತ ಹೆಂಗ ಮಾಡತಿದ್ರಿ?" ಎಂದು ಕೇಳಿದಳು.

ಹೇಗೆ ಮಾಡುತ್ತಿದ್ದೆವು ಎಂಬುದನ್ನು ಅವಳಿಗಾಗಿ, ಅವಳಂಥವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದು ನನ್ನ ಮಕ್ಕಳಿಗೇ ಬೇಕಿಲ್ಲ. ನಾನು ಬೆರಗಾದದ್ದನ್ನು, ಬೆಪ್ಪಾದದ್ದನ್ನು ಹೇಳುತ್ತೇನೆ. ಮಾಡಿದ ಒಂದು ದೊಡ್ಡ ತಪ್ಪನ್ನೂ ಹೇಳುತ್ತೇನೆ.

ನಾನು ಧಾರವಾಡದವಳು, ರಸಾಯನಶಾಸ್ತ್ರ ಓದಿದವಳು. ಗಂಡ ರೈಲ್ವೆಯ ಹಳಿ ವಿಭಾಗದವರು. ಅವರಿಗೆ ನಾಗಪುರಕ್ಕೆ ವರ್ಗವಾದಾಗ ನಾನೂ ಪೆಟ್ಟಿಗೆ ಕಟ್ಟಿಕೊಂಡು ಬಂದೆ. ಕಾಮಠಿ ರಸ್ತೆಯ ಒಂದು ಮಸಾಲೆ ಕಾರ್ಖಾನೆಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಬೇಕು ಎಂದು ಗೊತ್ತಾಗಿ ಅರ್ಜಿ ಹಾಕಿದೆ. ಪ್ರಯೋಗಾಲಯ ಎಂದರೆ ಗಾಜಿನ ಕೊಳವೆಗಳು ಸಾಲಾಗಿ ಹೊಳೆಯುತ್ತಿರುತ್ತವೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಒಂದು ಮೇಜು, ಒಂದು ತಕ್ಕಡಿ, ಒಂದು ಒಲೆ, ನೀರು ತುಂಬಿದ ಹನ್ನೆರಡು ಗಾಜಿನ ಲೋಟ. ಮೇಜಿನ ಹಿಂದೆ ಘಾಟೆ ಸಾಹೇಬರು.

ಘಾಟೆ ಸಾಹೇಬರು ಗುಣಮಟ್ಟ ವಿಭಾಗದ ಮುಖ್ಯಸ್ಥರು. ಎಲ್ಲ ಮಾಲಿನ ಕಲಬೆರಕೆಯನ್ನೂ ಆ ಲೋಟಗಳಲ್ಲೇ ಹಿಡಿಯುತ್ತಿದ್ದರು. ನೀರಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ಕೈ ಕಟ್ಟಿ ನಿಲ್ಲುವರು. ಒಳ್ಳೆಯ ಪುಡಿ ಮೇಲೆ ತೇಲುತ್ತಿತ್ತು. ಇಟ್ಟಿಗೆ ಪುಡಿ ಬೆರೆಸಿದ್ದರೆ ಅದು ತಳಕ್ಕೆ ಹೋಗಿ ಕೂರುತ್ತಿತ್ತು. ಬಣ್ಣ ಹಾಕಿದ್ದರೆ ಕೆಂಪು ಗೆರೆ ಬಿಡುತ್ತಾ ಇಳಿಯುತ್ತಿತ್ತು. "ನೋಡ್ರಿ, ನೀರಿಗೆ ಯಾರೂ ಚಾಡಿ ಹೇಳಿಕೊಡಬೇಕಾಗಿಲ್ಲ" ಎಂದು ನಗುವರು. ಅವರು ಆಡುತ್ತಿದ್ದದ್ದು ಮರಾಠಿ, ಇಡೀ ಕಾರ್ಖಾನೆಯೇ ಆಡುತ್ತಿದ್ದದ್ದು ಮರಾಠಿ. ಆದರೆ ಅದೆಲ್ಲ ನನ್ನ ನೆನಪಿನಲ್ಲಿ ನಮ್ಮ ಊರಿನ ಕನ್ನಡವಾಗಿಯೇ ಉಳಿದುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ.

ಮೊದಲ ದಿನವೇ ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಂಡೆ. ಇಷ್ಟು ಓದಿದವಳು ಹೀಗೆ ಮಾಡುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಕುಣಿದಾಡುತ್ತಿದ್ದ ನನ್ನನ್ನು ಒಬ್ಬ ಹೆಂಗಸು ರಟ್ಟೆ ಹಿಡಿದು ನಲ್ಲಿಯ ಕೆಳಗೆ ಕೂರಿಸಿ, ಕಣ್ಣಿಗೆ ನೀರು ಹೊಡೆದು, ಕೈಗೆ ಎಣ್ಣೆ ತಿಕ್ಕಿ ಒರೆಸಿದರು. "ಮ್ಯಾಡಮ್, ಇಲ್ಲಿ ಕಣ್ಣೀರು ಬಂದ್ರ ಬರ್ಲಿ ಅಂತ ಬಿಡಬೇಕು, ಒರೆಸಬಾರದು" ಅಂದರು. ಅವರೇ ಶೇವಂತಾ ಮಾವಶಿ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಕಾರ್ಖಾನೆಗೆಲ್ಲ ಅವರು ಹಾಗೇ. ನನಗಿಂತ ಹತ್ತು ವರ್ಷ ದೊಡ್ಡವರು, ಮೆಣಸಿನಕಾಯಿ ಆರಿಸುವ ಮೂವತ್ತು ಹೆಂಗಸರ ಮೇಲ್ವಿಚಾರಕಿ.

ಕಳಮನಾ ಮಾರುಕಟ್ಟೆಯಿಂದ ಮೆಣಸಿನಕಾಯಿ ಮೂಟೆಗಳಲ್ಲಿ ಬರುತ್ತಿತ್ತು. ಆರಿಸುವ ಶೆಡ್ಡಿನಲ್ಲಿ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೂತು, ತೊಟ್ಟು ಮುರಿದು, ಬಿಳಚಿದ ಕಾಯಿ, ಕಪ್ಪಾದ ಕಾಯಿಗಳನ್ನು ಆರಿಸಿ ತೆಗೆಯುತ್ತಿದ್ದರು. ಆಮೇಲೆ ಅದು ಬೀಸುವ ಯಂತ್ರಕ್ಕೆ. ಮೂಟೆ ಬಿಚ್ಚಿದ ಕೂಡಲೇ ಮಾವಶಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವರು. ಬೀಜ ಗಲಗಲ ಎಂದರೆ ಮೂಟೆ ಒಳಗೆ. ಮಂಕಾಗಿ ಸದ್ದು ಬಂದರೆ, "ಹಸಿ ಐತಿ, ಬಿಸಿಲಿಗೆ ಹಾಕ್ರಿ." ನಾನು ಅದೇ ಕಾಯಿಗಳನ್ನು ತೂಗಿ, ಒಲೆಯಲ್ಲಿಟ್ಟು, ಗಂಟೆಗಟ್ಟಲೆ ಕಾದು, ಮತ್ತೆ ತೂಗಿ ಲೆಕ್ಕ ಹಾಕಿದರೆ ಅವರು ಹೇಳಿದ್ದೇ ಬರುತ್ತಿತ್ತು. ಒಮ್ಮೆಯಲ್ಲ, ತಿಂಗಳುಗಟ್ಟಲೆ ನೋಡಿದೆ. ಡಿಗ್ರಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದೆ. ಒಂದು ಸಂಜೆ ಅದನ್ನು ಇಳಿಸಿ ಪೆಟ್ಟಿಗೆಯಲ್ಲಿಟ್ಟೆ. ಆ ಹೆಂಗಸಿನ ಕಿವಿಯ ಮುಂದೆ ಅದು ಗೋಡೆಯ ಮೇಲಿರುವುದು ನನಗೇ ನಾಚಿಕೆ ಎನಿಸಿತ್ತು.

ಕೆಲವು ವರ್ಷಗಳ ನಂತರ ನಮ್ಮ ಪುಡಿ ಹೊರದೇಶಕ್ಕೆ ಹೋಗತೊಡಗಿತು. ಆಗ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಒಂದು ಬಗೆಯ ಬೂಷ್ಟು ಕಾಳುಕಡಿಯಲ್ಲಿ ಬೆಳೆಯುವಾಗ ಬಿಡುವ ವಿಷ ಅದು. ಪಿತ್ತಜನಕಾಂಗಕ್ಕೆ ಕುತ್ತು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅಂಥ ಕೆಲವೇ ಪಾಲು ಒಂದು ಕಿಲೋ ಪುಡಿಯಲ್ಲಿ ಸೇರಿಕೊಂಡರೂ ಮಾಲು ವಾಪಸು. ಘಾಟೆ ಸಾಹೇಬರು ಅದನ್ನು ಕೇಳಿ ತಮ್ಮ ಲೋಟಗಳ ಕಡೆ ನೋಡಿದರು.

ಆ ಪರೀಕ್ಷೆಗೆಂದು ಅತಿನೇರಳೆ ಬೆಳಕು ಬೀರುವ ಒಂದು ದೀಪ ಬಂತು. ಹಳೆಯ ಉಗ್ರಾಣವೊಂದರ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಕತ್ತಲೆಕೋಣೆ ಮಾಡಿಕೊಂಡೆವು. ಪುಡಿಯಿಂದ ರಸ ತೆಗೆದು, ಮೆಣಸಿನ ಹಟಮಾರಿ ಕೆಂಪನ್ನು ಕಳೆದು, ಬಿಳಿ ಲೇಪದ ಗಾಜಿನ ಫಲಕದ ಮೇಲೆ ಸಣ್ಣ ಚುಕ್ಕೆ ಇಡಬೇಕು. ಅದನ್ನು ದ್ರಾವಣದಲ್ಲಿ ನಿಲ್ಲಿಸಿದರೆ ದ್ರಾವಣ ಮೇಲೇರುತ್ತಾ ಒಂದೊಂದು ವಸ್ತುವನ್ನು ಒಂದೊಂದು ಎತ್ತರದಲ್ಲಿ ಬಿಟ್ಟುಹೋಗುತ್ತದೆ. ಹಗಲು ಬೆಳಕಿನಲ್ಲಿ ಫಲಕ ಬರಿದು. ಬಾಗಿಲು ಮುಚ್ಚಿ ದೀಪ ಹಚ್ಚಿದೆ. ಕತ್ತಲಲ್ಲಿ ಒಂದು ನೀಲಿ ಚುಕ್ಕೆ ಹೊಳೆಯಿತು.

ಎಷ್ಟು ಹೊತ್ತು ನೋಡುತ್ತಾ ನಿಂತೆನೋ ತಿಳಿಯದು. ಕಾಲೇಜಿನಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಆದರೆ ಯಾರ ಕಣ್ಣಿಗೂ ಕಾಣದ್ದು, ಯಾರ ನಾಲಿಗೆಗೂ ಸಿಗದ್ದು ಹೀಗೆ ಎದುರಿಗೆ ಬಂದು ನಾನಿಲ್ಲಿದ್ದೇನೆ ಎಂದು ತೋರಿಸಿಕೊಳ್ಳುತ್ತದೆ ಎಂದು ಆವರೆಗೆ ನಂಬಿರಲಿಲ್ಲ. ಓಡಿಹೋಗಿ ಮಾವಶಿಯನ್ನು ಕರೆತಂದೆ.

ಅವರು ಬಗ್ಗಿ ನೋಡಿದರು. "ಇಷ್ಟ ಚೆಂದ ಐತಿ. ಇದಕ್ಕ ವಿಷ ಅಂತೀರಿ?"

"ಹೌದು ಮಾವಶಿ."

ಆ ಪುಡಿ ಯಾವ ಕಾಯಿಯದೆಂದು ಕೇಳಿ, ಅದೇ ಮೂಟೆಯ ಒಂದು ಕಾಯಿ ತರಿಸಿದರು. ಅಲ್ಲಾಡಿಸಿದರು, ಮೂಸಿದರು, ತುದಿ ಕಚ್ಚಿ ಉಗುಳಿದರು. ಆಮೇಲೆ ನನ್ನ ಮುಖ ನೋಡಿದರು. "ವಾಸನಿ ಇಲ್ಲ, ರುಚಿ ಇಲ್ಲ, ಬಣ್ಣ ಇಲ್ಲ. ಮತ್ತ ಇದನ್ನ ನಾ ಹೆಂಗ ಹಿಡೀಲಿ ಮ್ಯಾಡಮ್?"

ನೀವು ಹಿಡಿಯಬೇಕಾಗಿಲ್ಲ, ಅದಕ್ಕೇ ದೀಪ ಇದೆ ಎಂದೆ. ಅವರು ತಲೆಯಾಡಿಸಿದರು, ಆದರೆ ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಅಂದಿನಿಂದ ಅವರು ಮೊದಲಿಗಿಂತ ನಿಧಾನವಾಗಿ ಆರಿಸತೊಡಗಿದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅದು ಹುಟ್ಟಿದ್ದು ಕನಿಕರದಿಂದ.

ನಾಗಪುರದ ಬೇಸಿಗೆಯ ಬಗ್ಗೆ ಇಲ್ಲಿಯವರಿಗೆ ಹೇಳಬೇಕಿಲ್ಲ. ಏಪ್ರಿಲ್ ಬಂತೆಂದರೆ ಮೆಣಸಿನಕಾಯಿ ಹಪ್ಪಳದಂತೆ ಗರಿಗರಿ. ತೊಟ್ಟು ಮುರಿದರೆ ಕಾಯಿಯೇ ಪುಡಿ. ಆ ಘಾಟು ಶೆಡ್ಡಿನ ತುಂಬಾ. ಮೂವತ್ತು ಹೆಂಗಸರು ಒಬ್ಬರ ನಂತರ ಒಬ್ಬರು ಕೆಮ್ಮುವುದು ಪ್ರಯೋಗಾಲಯಕ್ಕೆ ಕೇಳುತ್ತಿತ್ತು. ಮಾವಶಿಗೆ ಒಂದು ದಿನ ಕೆಮ್ಮಿ ಕೆಮ್ಮಿ ವಾಂತಿಯಾಯಿತು. ನನಗೆ ತಡೆಯಲಾಗಲಿಲ್ಲ. ಕಿತ್ತಳೆ ತೋಟಗಳಲ್ಲಿ ಔಷಧಿ ಹೊಡೆಯುವಂಥ ಹೊಸ ಪಂಪೊಂದನ್ನು ತರಿಸಿ, ಆರಿಸುವ ಮುಂಚೆ ರಾಶಿಯ ಮೇಲೆ ತೆಳ್ಳಗೆ ನೀರು ಸಿಂಪಡಿಸುವ ಏರ್ಪಾಟು ಮಾಡಿದೆ. ಕಾಯಿ ಮೆತ್ತಗಾಯಿತು, ಧೂಳು ಕೂತಿತು, ಕೆಮ್ಮು ನಿಂತಿತು. ಹೆಂಗಸರು ನನ್ನನ್ನು ನಡುವೆ ಕೂರಿಸಿಕೊಂಡು ಖಾರದ ಕೆಂಪು ರಸ ಸುರಿದ ಅವಲಕ್ಕಿ, ತರ್ರಿ ಪೋಹೆ, ತಿನ್ನಿಸಿದರು. ಅಷ್ಟು ಖಾರ ನಾನು ಜನ್ಮದಲ್ಲಿ ತಿಂದಿರಲಿಲ್ಲ, ಅಷ್ಟು ಸಂತೋಷವೂ ಪಟ್ಟಿರಲಿಲ್ಲ.

ಘಾಟೆ ಸಾಹೇಬರು ಒಂದೇ ಮಾತು ಹೇಳಿದ್ದರು: "ಮುಂಜಾನೆ ಹೊಡದ ನೀರು ಸಂಜಿ ಒಳಗ ಒಣಗಬೇಕು." ಅವರಿರುವ ತನಕ ಹಾಗೆಯೇ ನಡೆಯಿತು.

ಅವರು ನಿವೃತ್ತರಾದ ಮೇಲೆ ವಿಭಾಗ ನನ್ನ ಕೈಗೆ ಬಂತು, ಬೇಡಿಕೆಯೂ ಹೆಚ್ಚಿತು. ಮುಂಜಾನೆ ಸಿಂಪಡಿಸಿ ಕಾಯಿ ಮೆತ್ತಗಾಗಲು ಕಾಯುವಷ್ಟರಲ್ಲಿ ಒಂದು ಗಂಟೆ ಹೋಗುತ್ತಿತ್ತು. ನಾನು ಬುದ್ಧಿವಂತಿಕೆ ತೋರಿಸಿದೆ. ಹಿಂದಿನ ಸಂಜೆಯೇ ಸಿಂಪಡಿಸಿ, ತಾಡಪತ್ರಿ, ಅಂದರೆ ದಪ್ಪ ಟಾರ್ಪಾಲು, ಹೊದಿಸಿಬಿಟ್ಟರೆ ಮುಂಜಾನೆ ಬರುವ ಹೊತ್ತಿಗೆ ಕಾಯಿ ಹದವಾಗಿರುತ್ತದೆ ಎಂದು ಆದೇಶ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಮೇ ತಿಂಗಳ ಬಿಸಿಗಾಳಿಯಲ್ಲಿ ಅದರಿಂದ ಏನೂ ಆಗಲಿಲ್ಲ. ಆಮೇಲೆ ಮಳೆಗಾಲ ಬಂತು. ಸಂಜೆಯ ನೀರನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದದ್ದು ನನಗೆ.

ಆಗಸ್ಟಿನಲ್ಲಿ ಹೊರದೇಶಕ್ಕೆ ಹೋಗಬೇಕಾಗಿದ್ದ ಪುಡಿಯ ಒಂದು ಕಂತು ದೀಪದ ಕೆಳಗೆ ನೀಲಿಯಾಗಿ ಹೊಳೆಯಿತು. ತಡೆಹಿಡಿದೆವು. ಮುಂದಿನ ಎರಡು ಸರಿಯಿದ್ದವು, ಮೂರನೆಯದು ಮತ್ತೆ ನೀಲಿ. ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ರಜೆ, ಮಾರನೆಯ ದಿನ ಮಕ್ಕಳ ಮರದೆತ್ತುಗಳ ತಾನ್ಹಾ ಪೋಳಾ, ಅದರ ಮೇಲೊಂದು ಭಾನುವಾರ ಕಳೆದು ಬೀಸಿದ ಪುಡಿಯಂತೂ ಹಿಂದೆಂದೂ ಕಂಡಿರದಷ್ಟು ಗಾಢವಾಗಿ ಹೊಳೆಯಿತು. ಮೂಟೆ ಬಂದಾಗ ಕಾಯಿಯನ್ನು ಪರೀಕ್ಷಿಸಿಯೇ ಒಳಗೆ ಬಿಟ್ಟಿರುತ್ತಿದ್ದೆವು. ಆಗ ಅದರಲ್ಲಿ ಏನೂ ಇರುತ್ತಿರಲಿಲ್ಲ. ಹಾಗಾದರೆ ವಿಷ ಹುಟ್ಟುತ್ತಿದ್ದುದು ನಮ್ಮ ಗೋಡೆಗಳ ಒಳಗೇ.

ಘಾಟೆ ಸಾಹೇಬರು ಹೋದ ಮೇಲೆ ಇಡೀ ಕಾರ್ಖಾನೆಯ ಉಸ್ತುವಾರಿಗೆ ಹೊಸದಾಗಿ ಬಂದವರು ವರ್ಮಾ ಸಾಹೇಬರು. ಚಿಕ್ಕ ವಯಸ್ಸು, ಚುರುಕು, ಕೆಟ್ಟವರಲ್ಲ. ಅವರ ಹಿಂದಿ ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು, ಅದನ್ನು ಪುಸ್ತಕದ ಕನ್ನಡದಲ್ಲೇ ಬರೆಯಬೇಕು. "ಮ್ಯಾಡಮ್, ಕೆಟ್ಟ ಕಾಯಿ ಕೈಗಳ ನಡುವಿನಿಂದ ದಾಟಿಹೋಗುತ್ತಿದೆ. ಕೈಯನ್ನು ನಂಬುವ ಕಾಲ ಮುಗಿಯಿತು" ಎಂದರು. ಬಣ್ಣ ನೋಡಿ ಆರಿಸುವ ಯಂತ್ರವೊಂದನ್ನು ಪರೀಕ್ಷೆಗೆಂದು ತರಿಸಿದರು.

ಆ ಯಂತ್ರದ ಮೊದಲ ದಿನವನ್ನು ಮರೆಯಲಾರೆ. ಪಟ್ಟಿಯ ಮೇಲೆ ಮೆಣಸಿನಕಾಯಿ ಹೊಳೆಯಂತೆ ಓಡುತ್ತಿತ್ತು. ಅದರ ತುದಿಯಲ್ಲಿ ಕಾಯಿಗಳು ಗಾಳಿಗೆ ಹಾರಿ ಬೀಳುವ ಆ ಒಂದು ಕ್ಷಣದಲ್ಲಿ ಕ್ಯಾಮೆರಾಗಳು ಪ್ರತಿಯೊಂದನ್ನೂ ನೋಡಿ, ಬೇಡದ್ದನ್ನು ಫಟ್ ಎಂದು ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತಿದ್ದವು. ನಂಬಿಕೆ ಬಾರದೆ, ನಾನೇ ಬಿಳಚಿದ ಇಪ್ಪತ್ತು ಕಾಯಿ ಎಣಿಸಿ ಒಂದು ಮೂಟೆ ಒಳ್ಳೆಯ ಕಾಯಿಯಲ್ಲಿ ಬೆರೆಸಿ ಹಾಕಿಸಿದೆ. ಕಸದ ಬುಟ್ಟಿಯಲ್ಲಿ ಇಪ್ಪತ್ತೂ ಬಂದು ಬಿದ್ದವು. ಮತ್ತೆ ಎಣಿಸಿದೆ. ಇಪ್ಪತ್ತೇ. ಮನುಷ್ಯರು ಇಂಥದ್ದೊಂದು ಯಂತ್ರವನ್ನೂ ಕಟ್ಟಬಲ್ಲರಲ್ಲ ಎಂದು ಬೆರಗಾದೆ.

ಆರಿಸುವ ಹೆಂಗಸರೆಲ್ಲ ಗೋಡೆಗೆ ಆನಿಕೊಂಡು ನೋಡುತ್ತಿದ್ದರು. ಮಾವಶಿ ಹತ್ತಿರ ಬಂದು, ದೇವರಿಗೆ ಮಾಡುವಂತೆ ಯಂತ್ರಕ್ಕೆ ಕೈ ಮುಗಿದರು. ಆಮೇಲೆ ಅದನ್ನು ತಂದ ಎಂಜಿನಿಯರನನ್ನು ಕೇಳಿದರು, "ಇದಕ್ಕ ಎಷ್ಟ ಕಣ್ಣು?"

"ನಾಲ್ಕು ಕ್ಯಾಮೆರಾ, ಮಾವಶಿ."

"ದಣೀತಾವೇನು?"

"ಇಲ್ಲ."

ಮಾವಶಿ ಹಿಂದೆ ಸರಿದು ಹೆಂಗಸರ ನಡುವೆ ನಿಂತರು. ತಮ್ಮ ಕೆಲಸ ಯಾರ ಪಾಲಾಗುತ್ತಿದೆ ಎಂಬುದನ್ನು ಅವರು ತಮ್ಮ ಕಣ್ಣಾರೆ ನೋಡುತ್ತಿದ್ದರು.

ಮಾರನೆಯ ದಿನ ವರ್ಮಾ ಸಾಹೇಬರು ಒಂದು ವರದಿಯನ್ನು ನನ್ನ ಮುಂದಿಟ್ಟರು. ಕಾರಣ ಎಂಬ ಜಾಗದಲ್ಲಿ "ಕೈಯಿಂದ ಆರಿಸುವಲ್ಲಿನ ದೋಷ" ಎಂದು ಮೊದಲೇ ಟೈಪಾಗಿತ್ತು. ಅದರ ಕೆಳಗೆ ನನ್ನ ಸಹಿ ಬೇಕಿತ್ತು. ಸಹಿ ಬಿದ್ದರೆ ಯಂತ್ರ ಖಾಯಂ, ಮೂವತ್ತೂ ಹೆಂಗಸರು ಮುಂದಿನ ಹಬ್ಬಕ್ಕೆ ಮುಂಚೆ ಮನೆಗೆ. ಪೆನ್ನು ಕೈಯಲ್ಲಿ ಹಿಡಿದದ್ದು ನಿಜ. ಇಪ್ಪತ್ತಕ್ಕೆ ಇಪ್ಪತ್ತು ಹಿಡಿದ ಯಂತ್ರವನ್ನು ನೋಡಿ ಬಂದಿದ್ದೆನಲ್ಲ. ಇನ್ನೂ ನಾಚಿಕೆಯ ವಿಷಯವೆಂದರೆ, ಆ ವಾರವೆಲ್ಲ ಮಾವಶಿ ಆರಿಸಿಟ್ಟ ರಾಶಿಯನ್ನು ಅವರು ಊಟಕ್ಕೆ ಹೋದಾಗ ಕೆದಕಿ ನೋಡುತ್ತಿದ್ದೆ. ಒಮ್ಮೆ ಅವರು ಬೇಗ ತಿರುಗಿ ಬಂದು ನೋಡಿಬಿಟ್ಟರು. ತಮ್ಮ ಜಾಗದಲ್ಲಿ ಕೂತು ಅದೇ ರಾಶಿಯನ್ನು ಮೊದಲಿನಿಂದ ಆರಿಸತೊಡಗಿದರು.

ಯಂತ್ರ ಆರಿಸಿಕೊಟ್ಟ ಕಾಯಿಯ ಪುಡಿ ಪರೀಕ್ಷಿಸಿದ ಮೇಲೆ ಸಹಿ ಹಾಕುತ್ತೇನೆ ಎಂದೆ. ಪರೀಕ್ಷಿಸಿದೆ. ಅದೂ ನೀಲಿ. ವರ್ಮಾ ಸಾಹೇಬರಿಗೆ ಅದು ದೊಡ್ಡದೆನಿಸಲಿಲ್ಲ. "ತೊಟ್ಟು ಮುರಿದದ್ದು ಆ ಹೆಂಗಸರೇ ತಾನೇ? ಅವರ ಕೈಯಿಂದಲೇ ಹರಡಿರಬೇಕು. ಮುಂದಿನ ವಾರದೊಳಗೆ ಸಹಿ ಬೇಕು" ಎಂದರು.

ಮನೆಗೆ ಬಂದು ಅನ್ನ ಕಲಸುತ್ತಾ ಗಂಡನ ಮುಂದೆ ಎಲ್ಲ ಹೇಳಿದೆ. "ಯಾರ ತಪ್ಪು ಅಂತ ಗೊತ್ತಾಗವಲ್ದು" ಎಂದೆ.

ಅವರು ಮಜ್ಜಿಗೆ ಕುಡಿದು ಲೋಟ ಇಟ್ಟರು. "ಗಾಡಿ ಹಳಿ ತಪ್ಪಿದಾಗ ನಾವು ಯಾರ ತಪ್ಪು ಅಂತ ಮೊದ್ಲ ಕೇಳೂದಿಲ್ಲ. ಬಿದ್ದ ಡಬ್ಬಿ ಹತ್ರನೂ ನಿಂದ್ರೂದಿಲ್ಲ. ಹಳಿಗುಂಟ ಹಿಂದಕ್ಕ ನಡಕೋತ ಹೋಗತೀವಿ. ಗಾಲಿ ಹಳಿ ಏರಿದ ಮೊದಲನೇ ಗೀರು ಎಲ್ಲಿ ಬಿದ್ದೈತಿ ಅಂತ ನೋಡತೀವಿ. ಡಬ್ಬಿ ಬಿದ್ದದ್ದು ಎಲ್ಲೋ ಇರತೈತಿ, ಗೀರು ಎಲ್ಲೋ ಇರತೈತಿ."

"ನಮ್ಮಲ್ಲಿ ಹಳಿ ಎಲ್ಲೈತಿ?"

"ಐತಲ್ಲ. ಮೂಟಿ ಬರೂದರಿಂದ ಪುಡಿ ಆಗೂ ತನಕ. ನಡೀ ಹಿಂದಕ್ಕ."

ಇಷ್ಟು ವರ್ಷ ಅವರ ರೈಲ್ವೆ ಮಾತು ಶುರುವಾದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಅಂದು ಕೂತು ಪೂರ್ತಿ ಕೇಳಿದೆ.

ಮೊದಲು ದಫ್ತರ ತೆಗೆದೆ. ನಮ್ಮಲ್ಲಿ ಎಲ್ಲವೂ ಕಂತಿನ ಸಂಖ್ಯೆಯ ಮೇಲೆ ಬರೆಯುವುದು ವಾಡಿಕೆ. ವಾರ ಯಾವುದೆಂದು ಯಾರೂ ನೋಡುತ್ತಿರಲಿಲ್ಲ. ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ನೀಲಿ ಬಂದ ಕಂತುಗಳಿಗೆ ವಾರ ಬರೆಯುತ್ತಾ ಹೋದೆ. ಸೋಮವಾರ. ಸೋಮವಾರ. ಪೋಳಾ ರಜೆಗಳು ಮುಗಿದ ಮೇಲಿನ ದಿನ, ಅದೂ ಸೋಮವಾರ. ಸೋಮವಾರ. ಹೆಂಗಸರ ಕಣ್ಣು ಸೋಮವಾರ ಮಾತ್ರ ಮಂಜಾಗುವುದುಂಟೇ?

ಆ ಶನಿವಾರ ಒಂದೇ ರಾಶಿಯ ಬೆನ್ನು ಹತ್ತಿದೆ. ಮೂಟೆ ಬಿಚ್ಚಿದಾಗ ಒಂದಿಷ್ಟು ಕಾಯಿ ತೆಗೆದಿಟ್ಟೆ. ಸಂಜೆ ನೀರು ಸಿಂಪಡಿಸುವ ಮುಂಚೆ ಒಂದಿಷ್ಟು. ಸೋಮವಾರ ಮುಂಜಾನೆ ತಾಡಪತ್ರಿ ಎತ್ತಿದ ಕೂಡಲೇ, ಯಾರೂ ಮುಟ್ಟುವ ಮೊದಲು, ಒಂದಿಷ್ಟು. ಹೆಂಗಸರು ತೊಟ್ಟು ಮುರಿದು ಆರಿಸಿದ ಮೇಲೆ, ಯಂತ್ರ ದಾಟಿದ ಮೇಲೆ, ಬೀಸಿದ ಮೇಲೆ. ಒಟ್ಟು ಆರು. ಎಲ್ಲದರ ರಸ ತೆಗೆದು ಒಂದೇ ಫಲಕದ ಮೇಲೆ ಸಾಲಾಗಿ ಆರು ಚುಕ್ಕೆ ಇಟ್ಟೆ.

ಕತ್ತಲೆಕೋಣೆಗೆ ಒಬ್ಬಳೇ ಹೋಗಿ ದೀಪ ಹಚ್ಚಿದೆ. ಮೊದಲನೆಯ ಚುಕ್ಕೆಯ ಜಾಗದಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದು ನೀಲಿ. ಅಲ್ಲಿಂದಾಚೆಗಿನ ಮೂರೂ ನೀಲಿ.

ಮೂರನೆಯದು ಇನ್ನೂ ಯಾರ ಕೈಯೂ ತಾಗದ ಕಾಯಿ. ಶನಿವಾರ ಸಂಜೆಯಿಂದ ಸೋಮವಾರ ಮುಂಜಾನೆಯ ತನಕ ಅದಕ್ಕೆ ತಾಗಿದ್ದದ್ದು ಒಂದೇ, ನನ್ನ ನೀರು.

ತಾಡಪತ್ರಿಯ ಕೆಳಗಿನ ಒಂದು ಕಾಯಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಮದುವಣಗಿತ್ತಿಯ ಸೀರೆಯ ಕೆಂಪು, ಒಂದು ಕಲೆಯಿಲ್ಲ. ಒಳಗೆ ಬೀಜಗಳ ನಡುವೆ ತೆಳ್ಳನೆಯ ಬೂದುಹಸಿರು ಎಳೆಗಳು. ನಾಲ್ಕು ಕ್ಯಾಮೆರಾಕ್ಕೂ, ಮಾವಶಿಯ ಎರಡು ಕಣ್ಣಿಗೂ ಅದು ಕಾಣುವುದು ಸಾಧ್ಯವೇ ಇರಲಿಲ್ಲ. ಒಂದು ಹಿಡಿ ನೀರು, ಮುಚ್ಚಿದ ಸೆಕೆ, ಒಂದು ರಜೆ. ಅಷ್ಟು ಸಾಕಾಗಿತ್ತು ಆ ಜೀವಕ್ಕೆ ಮನೆ ಕಟ್ಟಿ ಸಂಸಾರ ಹೂಡಲು. ನನಗೆ ಅಳು ಬಂತು, ಅದರ ಜೊತೆಗೇ ದೊಡ್ಡ ಬೆರಗೂ ಆಯಿತು. ಮೂವತ್ತು ಜನರ ಕೆಮ್ಮು ನಿಲ್ಲಿಸಿದ ನೀರೇ ಇದನ್ನೂ ಸಾಕಿತ್ತು. ಪ್ರಕೃತಿಗೆ ನನ್ನ ಕನಿಕರದ ಪರಿಚಯವೇ ಇರಲಿಲ್ಲ.

ವರ್ಮಾ ಸಾಹೇಬರನ್ನು ಕತ್ತಲೆಕೋಣೆಗೆ ಕರೆದು ಫಲಕ ತೋರಿಸಿದೆ. ಒಂದೊಂದು ಚುಕ್ಕೆಯ ಮೇಲೂ ಬೆರಳಿಟ್ಟು ಯಾವುದು ಯಾವಾಗಿನದು ಎಂದು ಹೇಳಿದೆ. ಅವರು ಮೂರನೆಯ ಚುಕ್ಕೆಯ ಹತ್ತಿರ ಬಗ್ಗಿ ಇನ್ನೊಮ್ಮೆ ನೋಡಿದರು.

"ಸಂಜೆ ನೀರು ಹೊಡೆಯಲು ಹೇಳಿದ್ದು ಯಾರು?"

"ನಾನು. ಪುಸ್ತಕದಲ್ಲಿ ನನ್ನ ಸಹಿಯಿದೆ."

"ಪ್ರಕ್ರಿಯೆಯ ದೋಷ ಎಂದು ಬರೆಯಬಹುದು ಮ್ಯಾಡಮ್. ಹೆಸರು ಬೇಕಾಗಿಲ್ಲ."

ಅವರು ನನ್ನನ್ನು ಉಳಿಸಲು ನೋಡಿದ್ದರು, ಅದನ್ನು ಮರೆಯುವುದಿಲ್ಲ. ಆದರೆ ಒಂದು ವಾರದ ಹಿಂದೆ ಮೂವತ್ತು ಜನರ ತಲೆಯ ಮೇಲೆ ಹೊರಿಸಲು ಪೆನ್ನು ಹಿಡಿದವಳು ಈಗ ಪ್ರಕ್ರಿಯೆಯ ಹಿಂದೆ ಅಡಗಿಕೊಂಡರೆ ಕನ್ನಡಿ ನೋಡುವುದು ಹೇಗೆ? ಹೊಸ ವರದಿ ಬರೆದೆ. ಕಾರಣ ಎಂಬ ಜಾಗದಲ್ಲಿ ಸಂಜೆಯ ನೀರು, ಆದೇಶ ಕೊಟ್ಟವರು ಎಂಬ ಜಾಗದಲ್ಲಿ ನನ್ನ ಹೆಸರು.

ತಡೆಹಿಡಿದ ಪುಡಿಯನ್ನೆಲ್ಲ ನಾಶ ಮಾಡಿದರು, ನಾನು ಪಕ್ಕದಲ್ಲಿ ನಿಂತು ನೋಡಿದೆ. ಊರಿನ ಅಂಗಡಿಗಳಿಗೆ ಹೋದ ಪುಡಿಗೆ ಆಗ ಈ ಪರೀಕ್ಷೆ ಮಾಡುತ್ತಿರಲಿಲ್ಲ. ಆ ಮಳೆಗಾಲದ ಪುಡಿಯಲ್ಲಿ ಸಿಕ್ಕಷ್ಟನ್ನು ವಾಪಸು ತರಿಸಿದೆವು. ಸಿಗದೆ ಹೋದದ್ದು ಯಾರ ಯಾರ ಮನೆಯ ಸಾರಿಗೆ ಬಿತ್ತೋ ನನಗೆ ತಿಳಿಯದು. ಹೊಸದಾಗಿ ಕೆಲಸಕ್ಕೆ ಸೇರುವವರೇ, ಈ ಒಂದು ಸಾಲು ನಿಮಗಾಗಿಯೇ ಬರೆದದ್ದು. ನಮ್ಮ ತಪ್ಪನ್ನು ಉಣ್ಣುವವರ ಮುಖ ನಮಗೆ ಎಂದೂ ಕಾಣುವುದಿಲ್ಲ. ನನ್ನನ್ನು ಆರು ತಿಂಗಳು ಸಹಿಯ ಅಧಿಕಾರದಿಂದ ಇಳಿಸಿದರು, ಅದು ನ್ಯಾಯವೇ. ಯಂತ್ರ ಉಳಿಯಿತು, ಉಳಿಯಬೇಕಾದಂಥ ಯಂತ್ರವೇ ಅದು. ತೊಟ್ಟು ಮುರಿಯುವುದು ಅದಕ್ಕೆ ಬರುತ್ತಿರಲಿಲ್ಲವಾದ್ದರಿಂದ, ದೋಷದ ಮಾತೂ ಹೋದದ್ದರಿಂದ, ಹೆಂಗಸರನ್ನು ಯಾರೂ ಮನೆಗೆ ಕಳಿಸಲಿಲ್ಲ. ಶೆಡ್ಡಿಗೆ ಧೂಳೆಳೆಯುವ ದೊಡ್ಡ ಫ್ಯಾನುಗಳು ಬಂದವು.

ಆದರೆ ಇವೆಲ್ಲ ಆಗುವ ಮೊದಲು, ವರದಿ ಕೊಟ್ಟ ದಿನವೇ, ಊಟದ ಹೊತ್ತಿಗೆ ನಾನು ಶೆಡ್ಡಿಗೆ ಹೋದೆ. ಉಳಿದವರು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಮಾವಶಿ ಒಬ್ಬರೇ ಒಳಗೆ ಕೂತು, ಆರಿಸಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ಮತ್ತೆ ನೋಡುತ್ತಿದ್ದರು. ಅವರ ಎದುರಿಗೆ ಗೋಣಿಯ ಮೇಲೆ ಕೂತು ಎಲ್ಲ ಹೇಳಿದೆ. ಆರು ಚುಕ್ಕೆ, ಮೂರನೆಯದು, ಸೋಮವಾರ, ನನ್ನ ನೀರು. ಕಾಯಿ ಒಳಗಿನಿಂದ ಕೆಟ್ಟಿತ್ತು, ಅದು ಯಾರಿಗೂ ಕಾಣುವಂಥದ್ದಲ್ಲ ಎಂದೆ. ನಿಮ್ಮ ರಾಶಿ ಕೆದಕಿದ್ದು ತಪ್ಪಾಯಿತು ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಂದ್ರ ನನ್ನ ಕಣ್ಣು ಬರೋಬರ್ ಅದಾವೇನ್ರಿ?"

ನನಗೆ ಅರ್ಥವಾಗಲಿಲ್ಲ.

"ರಾಮದಾಸಪೇಠದ ಕಣ್ಣಿನ ದವಾಖಾನಿಗೆ ಎರಡು ಸರ್ತಿ ಹೋಗಿ ಬಂದೆ. ಡಾಕ್ಟರ್ ಏನೂ ಆಗಿಲ್ಲ ಅಂತಾನ. ಅವಂಗ ತಿಳೀವಲ್ದು ಅಂದ್ಕೊಂಡೆ. ನನ್ನ ಕಣ್ಣು ಹೋಗ್ಯಾವ, ನನ್ನ ಕೈಲೇ ಮಂದಿಗೆ ವಿಷ ಹೊಂಟೈತಿ ಅಂತ ತಿಂಗಳಾತು, ಮನ್ಯಾಗ ಅಕ್ಕಿ ಸುದ್ದಾ ಆರಿಸಿಲ್ಲ. ಸೊಸಿಗೆ ಕೊಟ್ಟಬಿಟ್ಟೀನಿ. ಮೊಮ್ಮಕ್ಕಳು ಉಣ್ಣೂದಲ್ಲಾ..."

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಮಾವಶಿ. ಡಾಕ್ಟರ್ ಹೇಳಿದ್ದು ಖರೆ" ಎಂದೆ.

ಅವರು ಸೆರಗು ಕೊಡವಿ ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತು ಹೇಳಿದರು, "ಇವತ್ತ ಅಕ್ಕಿ ನಾನ ಆರಿಸತೀನಿ."